ಗ್ಯಾಸ್ ಬುಕ್ ನನ್ನ ಹೆಸರಲ್ಲಿ, ಫೋನ್ ನಂಬರು ಯಜಮಾನರದು

ಪ್ರಶ್ನೆ: ಅಣ್ಣಾ, ನಾವು ಲಗ್ಗೆರೆಯಲ್ಲಿದ್ದೇವೆ. ನಾನು ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಉಜ್ವಲದಲ್ಲಿ ಬಂದ ಗ್ಯಾಸು, ಬುಕ್ಕು ನನ್ನ ಹೆಸರಲ್ಲೇ ಇದೆ. ಸಿಲಿಂಡರ್ ಖಾಲಿಯಾಗಿ ಎರಡು ತಿಂಗಳಾಯಿತು. ‘ಒಂದೇ ಸಲ ಅಷ್ಟು ದುಡ್ಡು ಎಲ್ಲಿಂದ ತರಲಿ’ ಅಂತಾರೆ ಯಜಮಾನರು. ಅವರದು ಸೆಂಟ್ರಿಂಗ್ ಕೆಲಸ. ಸೈಟಿನಿಂದ ಪ್ಲೈವುಡ್ ಚೂರು ಚೀಲದಲ್ಲಿ ತಂದು ಹಾಕುತ್ತಾರೆ. ಮೆಟ್ಟಿಲ ಕೆಳಗೆ ಮೂರು ಇಟ್ಟಿಗೆ ಇಟ್ಟು ಅದರಲ್ಲೇ ಅಡುಗೆ. ಗೃಹಲಕ್ಷ್ಮಿ ದುಡ್ಡು ಅತ್ತೆಗೆ ಬರುತ್ತೆ. ನಾನೇ ಬುಕ್ ಮಾಡಬಹುದಾ?

ಉತ್ತರ (ಗ್ಯಾಸ್ ಏಜೆನ್ಸಿ ಕೌಂಟರಿನಲ್ಲಿದ್ದೇನೆ): ನೀವೇ ಮಾಡಬೇಕು ತಾಯಿ, ಗ್ರಾಹಕರು ನೀವೇ ತಾನೇ? 2016ರಲ್ಲಿ ಉಜ್ವಲ ಶುರುವಾದಾಗಿನಿಂದ ಕನೆಕ್ಷನ್ ಕೊಡುವುದೇ ಹೆಂಗಸರ ಹೆಸರಿಗೆ. ಆದರೆ ನಮ್ಮ ಕೌಂಟರಿನಲ್ಲಿ ದಿನಾ ನೋಡುತ್ತೇನೆ, ಬುಕ್ಕಿನಲ್ಲಿ ಹೆಂಡತಿ ಹೆಸರು, ಪಕ್ಕದಲ್ಲಿ ಗಂಡನ ನಂಬರು. ಬುಕಿಂಗ್ ಆಗುವುದು ಆ ನಂಬರಿನಿಂದ. ಸಿಲಿಂಡರ್ ತಂದ ಹುಡುಗ ಕೇಳುವ ಕೋಡ್ ಬರುವುದೂ ಅದೇ ನಂಬರಿಗೆ. ಅವರು ಸೈಟಿನಲ್ಲಿ ಫೋನ್ ಎತ್ತದಿದ್ದರೆ ಬಾಗಿಲ ತನಕ ಬಂದ ಸಿಲಿಂಡರ್ ವಾಪಸ್ ಹೋಗುತ್ತೆ! ಮೊದಲು ನಂಬರು ಬದಲಾಯಿಸಿ.

ದುಡ್ಡಿನ ವಿಷಯ. ಉಜ್ವಲದವರಿಗೆ 14.2 ಕೆಜಿ ಸಿಲಿಂಡರ್‌ಗೆ 300 ರೂಪಾಯಿ ಸಬ್ಸಿಡಿ ಅಂತ 2023ರ ಅಕ್ಟೋಬರಿನಲ್ಲಿ ಮಾಡಿದರು. ಅದು ಬರುವುದು ನಿಮ್ಮ ಆಧಾರ್ ಜೋಡಿಸಿದ ಖಾತೆಗೆ. ಯಾವ ಬ್ಯಾಂಕು ಅಂತ ನೋಡಿಕೊಳ್ಳಿ, ಎಷ್ಟೋ ಜನಕ್ಕೆ ಅದೇ ಗೊತ್ತಿರುವುದಿಲ್ಲ. ಒಟ್ಟಿಗೆ ದುಡ್ಡು ಹೊಂದಿಸೋಕೆ ಆಗದಿದ್ದರೆ 5 ಕೆಜಿ ಸಿಲಿಂಡರ್‌ಗೆ ಬದಲಾಯಿಸಿಕೊಡಿ ಅಂತ ಏಜೆನ್ಸಿಯಲ್ಲಿ ಕೇಳಿ.

ಆ ಪ್ಲೈವುಡ್ ಮಾತ್ರ ಬೇಡ. ಸೌದೆ ಹೊಗೆಯೇ ಕೆಟ್ಟದ್ದು, ಇದರಲ್ಲಿ ಅಂಟು, ಸೆಂಟ್ರಿಂಗ್ ಎಣ್ಣೆ ಬೇರೆ. ಪಾತ್ರೆ ತಳದಲ್ಲಿ ಜಿಗುಟು ಮಸಿ ಕೂತಿರುತ್ತೆ, ಉಜ್ಜಿದರೂ ಹೋಗಲ್ಲ, ಅಲ್ವಾ?

ಯಜಮಾನರ ಹತ್ತಿರ ಜಗಳ ಆಡುವ ಮೊದಲು ಅತ್ತೆಯನ್ನು ಕೇಳಿ. ಹಗಲೆಲ್ಲ ಆ ಹೊಗೆ ಕುಡಿಯುವವರು ಅವರೇ ಇರಬೇಕು. ಗೃಹಲಕ್ಷ್ಮಿಯ 2000ದಲ್ಲಿ ಸಿಲಿಂಡರ್ ಬರುತ್ತೆ, ಮಿಕ್ಕುತ್ತೆ ಕೂಡ.

ಇನ್ನೊಬ್ಬರು: ನಮ್ಮ ಬೀದಿ ಅಂಗಡಿಯಲ್ಲಿ ಪುಟ್ಟ ಸಿಲಿಂಡರಿಗೆ ಕೆಜಿ ಲೆಕ್ಕದಲ್ಲಿ ಗ್ಯಾಸ್ ತುಂಬಿಸಿ ಕೊಡ್ತಾರೆ, ಸುಲಭ.

ಉತ್ತರ: ಸುಲಭ ಹೌದು. ಕಾನೂನುಬಾಹಿರ, ಅಪಾಯ ಕೂಡ. ಆ ಪುಟ್ಟ ಸಿಲಿಂಡರಿನ ವಾಲ್ವನ್ನು ಯಾರೂ ಪರೀಕ್ಷೆ ಮಾಡಿರಲ್ಲ. ವಾಸನೆ ಬಂದರೆ 1906ಕ್ಕೆ ಫೋನ್ ಮಾಡಿ, ಮನೆಯಿಂದ ಹೊರಗೆ ಬಂದು.

ಪ್ರಶ್ನೆ ಕೇಳಿದವರು: ಅತ್ತೆ ಒಪ್ಪಿದರು ಅಣ್ಣಾ. ‘ರೊಟ್ಟಿ ಮಾತ್ರ ಒಲೆ ಮೇಲೆ’ ಅಂದರು. ನಂಬರಿಗೆ ಏನೇನು ತರಬೇಕು?

ಉತ್ತರ: ರೊಟ್ಟಿ ಮಾಡಿಕೊಳ್ಳಲಿ ಬಿಡಿ, ಆದರೆ ಒಳ್ಳೆ ಒಣ ಸೌದೆಯಲ್ಲಿ. ಗ್ಯಾಸ್ ಬುಕ್ಕು, ಆಧಾರ್, ನಿಮ್ಮ ಫೋನು ತನ್ನಿ. ಅರ್ಧ ದಿನ ಪರ್ಮಿಷನ್ ಹಾಕಿ ನೀವೇ ಬನ್ನಿ, ಯಜಮಾನರನ್ನು ಕಳಿಸಬೇಡಿ. ಫೋನಿಗೆ ಚಾರ್ಜ್ ಇರಲಿ, ಒಟಿಪಿ ಬಂದರೆ ಅಲ್ಲೇ ಹೇಳಬೇಕಾಗುತ್ತೆ.