ಎನ್‌ಎಫ್‌ಎಸ್‌ನಲ್ಲಿ ಆಗಾಗ ‘ಪರ್ಮಿಷನ್ ಡಿನೈಡ್’: ದೋಷ ಸ್ವಿಚ್ಚಿನದೋ, ಸರ್ವರಿನದೋ?

ಹಂಪನಕಟ್ಟೆ_ಡಿಟಿಪಿ: ಮಂಗಳೂರಿನ ನಮ್ಮ ಡಿಟಿಪಿ ಕಚೇರಿಯಲ್ಲಿ ಹಳೆಯ ಫ್ರೀಬಿಎಸ್‌ಡಿ 11 ಸರ್ವರಿನಿಂದ ಎರಡು ಲಿನಕ್ಸ್ ಯಂತ್ರಗಳಿಗೂ ಒಂದು ಮ್ಯಾಕ್‌ಗೂ ಎನ್‌ಎಫ್‌ಎಸ್ (ಜಾಲದ ಮೇಲೆ ಕಡತ ಹಂಚುವ ವ್ಯವಸ್ಥೆ) ಮೂಲಕ ಕಡತಗಳನ್ನು ಹಂಚಿದ್ದೇವೆ. ಯಕ್ಷಗಾನದ ಕರಪತ್ರ ಸೇವ್ ಮಾಡುವಾಗ ಒಮ್ಮೊಮ್ಮೆ ‘ಪರ್ಮಿಷನ್ ಡಿನೈಡ್’ ಎಂದು ಬರುತ್ತದೆ. ಮರುಕ್ಷಣ ಅದೇ ಕಡತ ಸರಾಗವಾಗಿ ಸೇವ್ ಆಗುತ್ತದೆ. ಯಾರಿಗೆ ಏನನ್ನು ಹಂಚಬೇಕೆಂದು ಬರೆದಿಟ್ಟಿರುವ ಎಕ್ಸ್‌ಪೋರ್ಟ್ಸ್ ಕಡತವನ್ನು ಯಾರೂ ಮುಟ್ಟಿಲ್ಲ.

ಮಲ್ಪೆ_ಬಂದರು: ಮಳೆಗಾಲದಲ್ಲಿ ನಮ್ಮ ಕರಾವಳಿಯ ಕರೆಂಟನ್ನು ನಂಬಿದರೆ ಹೀಗೇ ಆಗುವುದು. ಸ್ವಿಚ್ಚಿಗೆ ಯುಪಿಎಸ್ ಕೊಡಿ, ಕೇಬಲ್ ಬದಲಿಸಿ. ಅಲ್ಲಿಯವರೆಗೆ ಸಾಫ್ಟ್ ಮೌಂಟ್ (ಹಂಚಿದ ಕಡತಗಳನ್ನು ಯಂತ್ರಕ್ಕೆ ಜೋಡಿಸುವಾಗ, ಸರ್ವರ್ ಉತ್ತರಿಸದಿದ್ದರೆ ಸ್ವಲ್ಪ ಕಾದು ಕೈಬಿಡುವ ಬಗೆ) ಮಾಡಿಕೊಂಡರೆ ಯಂತ್ರ ಸ್ತಬ್ಧವಾಗುವುದಾದರೂ ತಪ್ಪೀತು.

ಮಣಿಪಾಲ_ಟರ್ಮಿನಲ್: ಸಂಪರ್ಕ ಕಡಿದರೆ ಬರುವ ಸಂದೇಶವೇ ಬೇರೆ. ಹಾರ್ಡ್ ಮೌಂಟ್‌ನಲ್ಲಿ ಲಿನಕ್ಸ್ ‘ನಾಟ್ ರೆಸ್ಪಾಂಡಿಂಗ್’ ಎಂದು ಲಾಗಿನಲ್ಲಿ ಬರೆದು ಕಾಯುತ್ತದೆ, ಸರ್ವರ್ ಮರಳಿದಾಗ ‘ಓಕೆ’ ಎನ್ನುತ್ತದೆ. ಇಲ್ಲಿ ಸರ್ವರ್ ಉತ್ತರಿಸುತ್ತಿದೆ, ಪ್ರವೇಶ ಮಾತ್ರ ನಿರಾಕರಿಸುತ್ತಿದೆ. ಸಾಫ್ಟ್ ಮೌಂಟ್ ಸಲಹೆಯನ್ನಂತೂ ದಯವಿಟ್ಟು ಪಾಲಿಸಬೇಡಿ: ಕಾಲಮಿತಿ ಮೀರಿದೊಡನೆ ಅದು ಬರೆಯುವ ಕೆಲಸವನ್ನು ಅರ್ಧಕ್ಕೇ ಕೈಬಿಟ್ಟು ದೋಷವನ್ನು ತಂತ್ರಾಂಶಕ್ಕೆ ದಾಟಿಸುತ್ತದೆ, ತಂತ್ರಾಂಶ ಅದನ್ನು ಗಮನಿಸದಿದ್ದರೆ ಕಡತ ಕೆಟ್ಟಂತೆಯೇ. ಮೂರೂ ಯಂತ್ರಗಳಲ್ಲಿ ಏಕಕಾಲಕ್ಕೆ ಬರುತ್ತದೆಯೇ? ಸರ್ವರಿನಲ್ಲಿ ನಿಗದಿತ ಹೊತ್ತಿಗೆ ಕೆಲಸಗಳನ್ನು ಓಡಿಸುವ ಕ್ರಾನ್‌ನಲ್ಲಿ ಏನಿದೆ?

ಹಂಪನಕಟ್ಟೆ_ಡಿಟಿಪಿ: ಹೌದು, ಏಕಕಾಲಕ್ಕೆ. ಕ್ರಾನ್ ಗಂಟೆಗೊಮ್ಮೆ ಯುಎಸ್‌ಬಿ ಡಿಸ್ಕನ್ನು ಮೌಂಟ್ ಮಾಡಿ ಬ್ಯಾಕಪ್ ತೆಗೆಯುತ್ತದೆ. ಆದರೆ ಆ ಡಿಸ್ಕನ್ನು ಯಾರಿಗೂ ಹಂಚಿಲ್ಲವಲ್ಲ?

ಮಣಿಪಾಲ_ಟರ್ಮಿನಲ್: ಹಂಚಬೇಕೆಂದೇ ಇಲ್ಲ. ಫ್ರೀಬಿಎಸ್‌ಡಿಯಲ್ಲಿ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಕೊಟ್ಟ ಮೌಂಟ್ ಆದೇಶ ಫಲಿಸಿದೊಡನೆ, ಎಕ್ಸ್‌ಪೋರ್ಟ್ಸ್ ಕಡತ ಓದುವ ಮೌಂಟ್‌ಡಿಗೆ ‘ಮತ್ತೆ ಓದು’ ಎನ್ನುವ ಹ್ಯಾಂಗಪ್ ಸಿಗ್ನಲ್ ಹೋಗುತ್ತದೆ. ನಿಮ್ಮ ಆವೃತ್ತಿಯಲ್ಲಿ ಅದು ಎಕ್ಸ್‌ಪೋರ್ಟ್ ಪಟ್ಟಿಯನ್ನು ಅಳಿಸಿ ಮತ್ತೆ ತುಂಬುತ್ತದೆ. ಆ ಎಡೆಯಲ್ಲಿ ಬಂದ ಕೋರಿಕೆಗೆ ನಿರಾಕರಣೆಯೇ ಗತಿ. ಒಂದು ಲಿನಕ್ಸ್ ಯಂತ್ರದಲ್ಲಿ ಹಂಚಿದ ಕಡತಗಳ ಪಟ್ಟಿ ತೋರಿಸಲು ‘ಎಲ್‌ಎಸ್’ ಆದೇಶವನ್ನು ಲೂಪಿನಲ್ಲಿ ಓಡಿಸಿ, ಸರ್ವರಿನಲ್ಲಿ ಮೌಂಟ್‌ಡಿಗೆ ಹ್ಯಾಂಗಪ್ ಕಳುಹಿಸಿ ನೋಡಿ. ಸರ್ವರಿನ ಸೇವೆಗಳ ಆಯ್ಕೆಗಳಿರುವ ಆರ್‌ಸಿ ಡಾಟ್ ಕಾನ್ಫ್ ಕಡತದಲ್ಲಿ ಮೌಂಟ್‌ಡಿ ಫ್ಲ್ಯಾಗ್‌ಗಳನ್ನೂ (ಆಯ್ಕೆಗಳನ್ನೂ) ಪರಿಶೀಲಿಸಿ.

ಹಂಪನಕಟ್ಟೆ_ಡಿಟಿಪಿ: ಲೂಪಿನಲ್ಲಿ ಅದೇ ದೋಷ ಕಾಣಿಸಿಕೊಂಡಿತು. ಫ್ಲ್ಯಾಗ್‌ಗಳಲ್ಲಿ ‘ಮೈನಸ್ ಆರ್’ ಒಂದೇ ಇತ್ತು. ದೊಡ್ಡಕ್ಷರದ ‘ಮೈನಸ್ ಎಸ್’ ಸೇರಿಸಿ ಮೌಂಟ್‌ಡಿಯನ್ನು ಮತ್ತೆ ಶುರುಮಾಡಿದ ಮೇಲೆ ಹ್ಯಾಂಗಪ್ ಕಳುಹಿಸಿದರೂ ಬರುತ್ತಿಲ್ಲ.

ಮಲ್ಪೆ_ಬಂದರು: ಆಗಲಿ ಮಾರಾಯ್ರೇ, ಆದರೆ ‘ಮೈನಸ್ ಎಸ್’ ಎಂದರೆ ಪಟ್ಟಿ ತುಂಬುವವರೆಗೆ, ಕೋರಿಕೆಗಳಿಗೆ ಉತ್ತರಿಸುವ ಎನ್‌ಎಫ್‌ಎಸ್‌ಡಿಯನ್ನೇ ತಡೆಹಿಡಿಯುವುದಲ್ಲವೇ? ಡಿಸ್ಕನ್ನು ಮೌಂಟ್ ಆಗಿಯೇ ಬಿಡಬಹುದಿತ್ತು.

ಮಣಿಪಾಲ_ಟರ್ಮಿನಲ್: ವಿಳಂಬವಾಗುತ್ತದೆಂದು ಕೈಪಿಡಿಯೇ ಹೇಳುತ್ತದೆ. ನೂರಾರು ಎಕ್ಸ್‌ಪೋರ್ಟ್‌ಗಳಿದ್ದಲ್ಲಿ ನಿಮ್ಮ ಆಕ್ಷೇಪಕ್ಕೆ ತೂಕವಿದೆ. ಈ ಕಚೇರಿಯ ಪುಟ್ಟ ಪಟ್ಟಿಗೆ ಅದು ಗೊತ್ತೇ ಆಗದು. ಡಿಸ್ಕನ್ನು ಸದಾ ಮೌಂಟ್ ಆಗಿಟ್ಟರೆ ಸರ್ವರಿನಲ್ಲಿ ಆಗುವ ಅನಾಹುತ ಬ್ಯಾಕಪ್ಪಿಗೂ ತಟ್ಟುತ್ತದೆ. ನಾನಾದರೆ ಕ್ರಾನ್ ಬದಲಿಸುವುದಿಲ್ಲ.