ಎಸ್‌ಎನ್‌ಆರ್ ಸೊನ್ನೆ, ಚಿತ್ರ ಮಾತ್ರ ಕನ್ನಡಿ: ಯಾವುದನ್ನು ನಂಬಲಿ?

ತೋಟದಮನೆ, ಶಿರಸಿ:
ನಮ್ಮ ಹಂಚಿನ ಮಾಡಿನ ಪಕ್ಕದಲ್ಲಿ ಫ್ರೀ ಡಿಶ್ ತಟ್ಟೆ ಇದೆ, ಮುಖ ಆಗ್ನೇಯಕ್ಕೆ, 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರತ್ತ. ಯುಎಸ್‌ಬಿ ಟ್ಯೂನರ್ ಮೂಲಕ ಲಿನಕ್ಸ್ ಕಂಪ್ಯೂಟರಿಗೆ ಕೊಟ್ಟಿದ್ದೇನೆ. ಸಿಗ್ನಲ್ ಅಳೆದು ತೋರಿಸುವ ಫೆಮಾನ್ ಪ್ರೋಗ್ರಾಂ ಓಡಿಸಿದರೆ ಸಿಗ್ನಲ್ 53%, ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬ ಅಳತೆ) 0% ಎನ್ನುತ್ತದೆ. ಚಂದನ ಮಾತ್ರ ಒಂದು ಚೌಕವೂ ಒಡೆಯದೆ ಬರುತ್ತಿದೆ. ಹಿಂದೆ ಕಂಪ್ಯೂಟರಿನೊಳಗಿದ್ದ ಪಿಸಿಐ ಟ್ಯೂನರ್ ಕಾರ್ಡ್ ಇದೇ ತಟ್ಟೆಗೆ ಎಸ್‌ಎನ್‌ಆರ್ 92% ಕೊಡುತ್ತಿತ್ತು, ಆದರೆ ಜಡಿಮಳೆ ಬೇಡ, ಸೋನೆ ಹಿಡಿದರೂ ಚಿತ್ರ ನಿಲ್ಲುತ್ತಿತ್ತು. ಮೂರು ದಿನ ಏಣಿ ಹತ್ತಿ ಇಳಿದು ತಟ್ಟೆ ಅಲುಗಿಸಿದೆ, ಸೊನ್ನೆ ಅಲುಗಲಿಲ್ಲ. "ಸರಿಯಾಗಿ ಬರುತ್ತಿರುವುದನ್ನು ಏನು ರಿಪೇರಿ ಮಾಡುತ್ತೀಯೋ" ಎಂದು ಅಮ್ಮನ ಗೊಣಗಾಟ ಬೇರೆ. ಮಳೆಗಾಲಕ್ಕೆ ಮೊದಲು ನಿಜ ತಿಳಿಯಬೇಕು.

ಡೆಸಿಬೆಲ್‌ದಾಸ:
ಮೊದಲು ಶೇಕಡಾ ಆಯ್ಕೆ ತೆಗೆದು ಫೆಮಾನ್ ಓಡಿಸಿ, ಎಸ್‌ಎನ್‌ಆರ್ ಎದುರು ಬರುವ ಅಂಕಿ ಬರೆಯಿರಿ.

ತೋಟದಮನೆ:
ಸಿಗ್ನಲ್ 8925, ಎಸ್‌ಎನ್‌ಆರ್ 0076.

ಡೆಸಿಬೆಲ್‌ದಾಸ:
ಅಲ್ಲಿಗೆ ಸಿಕ್ಕಿತು. ಅದು ಹದಿನಾರರ ಮೂಲದ ಸಂಖ್ಯೆ, ದಶಮಾನದಲ್ಲಿ 118. ಹಳೆಯ ಎಪಿಐನಲ್ಲಿ (ಡ್ರೈವರ್‌ಗೂ ಫೆಮಾನ್‌ನಂಥ ಪ್ರೋಗ್ರಾಂಗೂ ನಡುವಿನ ಒಪ್ಪಂದ) 0ಯಿಂದ 65535ರೊಳಗೆ ಒಂದು ಅಂಕಿ ಕೊಡಬೇಕು ಎಂದಷ್ಟೇ ಇತ್ತು, ಯಾವ ಮಾನದಲ್ಲಿ ಎಂಬುದು ಡ್ರೈವರ್, ಅಂದರೆ ಟ್ಯೂನರ್ ನಡೆಸುವ ತಂತ್ರಾಂಶ, ಬರೆದವರ ಇಷ್ಟ. ನಿಮ್ಮದು ಡೆಸಿಬೆಲ್‌ನ ಹತ್ತನೇ ಒಂದರಲ್ಲಿ ಕೊಡುತ್ತಿರುವಂತಿದೆ: 11.8. ಫೆಮಾನ್ ಅದನ್ನು ಕಣ್ಣು ಮುಚ್ಚಿ 65535ರಿಂದ ಭಾಗಿಸಿ ಸೊನ್ನೆ ಎಂದಿತು. ಹಳೆಯ ಕಾರ್ಡಿನವರು ತಮ್ಮದೇ ಸೂತ್ರದಲ್ಲಿ ಹಿಗ್ಗಿಸಿ 92 ಮಾಡಿರಬೇಕು. ಸೇರು ಮತ್ತು ಮೊಳವನ್ನು ಹೋಲಿಸಿದಂತಾಯಿತು. ಎಪಿಐ 5.10ರಿಂದ ಡ್ರೈವರ್ ತನ್ನ ಮಾನವನ್ನು ತಾನೇ ಹೇಳಬಹುದು. ಡಿವಿಬಿ-ಎಫ್‌ಇ-ಟೂಲ್ ಎಂಬ ಪ್ರೋಗ್ರಾಂನಲ್ಲಿ ಡೆಸಿಬೆಲ್ ಬಂದರೆ ಅದನ್ನೇ ನಂಬಿ.

ಉಪಗ್ರಹ ಟಿವಿಯ ಹಳೆಯ ಪ್ರಸಾರ ವಿಧಾನವಾದ ಡಿವಿಬಿ-ಎಸ್‌ನ 3/4 ಕೋಡಿಗೆ (ನಾಲ್ಕರಲ್ಲಿ ಮೂರು ಪಾಲು ಮಾಹಿತಿ, ಉಳಿದದ್ದು ತಪ್ಪು ತಿದ್ದಲು) ಸುಮಾರು 7, ಹೊಸ ವಿಧಾನವಾದ ಡಿವಿಬಿ-ಎಸ್2ನ 8ಪಿಎಸ್‌ಕೆ 3/4ಕ್ಕೆ ಸುಮಾರು 8 ಡೆಸಿಬೆಲ್ ಬೇಕು. ಅದರ ಮೇಲೆ ಉಳಿಯುವುದೇ ಮಳೆಗೆ ನಿಮ್ಮ ಕೈಗಂಟು.

ಘಟ್ಟದಕೆಳಗೆ:
ಸಿಗ್ನಲ್ 53%ಕ್ಕೂ ಮರುಳಾಗಬೇಡಿ. ತಟ್ಟೆಯನ್ನು ಖಾಲಿ ಆಕಾಶಕ್ಕೆ ತಿರುಗಿಸಿದರೂ ಎಲ್‌ಎನ್‌ಬಿಯ (ತಟ್ಟೆಯ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿ) ಗದ್ದಲವೇ ಅಷ್ಟಿಷ್ಟು ತೋರಿಸುತ್ತದೆ. ನಾನು ನೋಡುವುದು ಯುಎನ್‌ಸಿ ಒಂದನ್ನೇ, ಅಂದರೆ ಸರಿಪಡಿಸಲಾಗದ ಪ್ಯಾಕೆಟ್‌ಗಳ ಎಣಿಕೆ. ಕೆಲವು ಡ್ರೈವರ್‌ಗಳಲ್ಲಿ ಇದು ಕೂಡುತ್ತಲೇ ಹೋಗುತ್ತದೆ, ಕೆಲವು ಓದಿದೊಡನೆ ಸೊನ್ನೆ ಮಾಡುತ್ತವೆ. ಹಾಗಾಗಿ ಒಟ್ಟು ಎಷ್ಟು ಎಂದಲ್ಲ, ಹೊಸದಾಗಿ ಬರುತ್ತಿದೆಯೇ ಎಂದು ನೋಡಿ.

ತೋಟದಮನೆ:
ಮಳೆ ಇಲ್ಲವಲ್ಲ, ಒದ್ದೆ ಗೋಣಿಚೀಲವನ್ನು ಎಲ್‌ಎನ್‌ಬಿಯ ಮೂತಿಗೆ ಹಿಡಿದೆ. ಎಸ್‌ಎನ್‌ಆರ್ 0042ಕ್ಕೆ ಇಳಿಯಿತು, ಅಂದರೆ 6.6. ಯುಎನ್‌ಸಿ ಏರತೊಡಗಿತು, ವಾರ್ತೆ ಓದುವವರ ಮುಖ ಚೌಕ ಚೌಕವಾಯಿತು. ಸಿಗ್ನಲ್ ಮಾತ್ರ 51%! ಚೀಲ ತೆಗೆದು, ಎಲ್‌ಎನ್‌ಬಿಯ ಸ್ಕ್ರೂ ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಿದೆ. ಈಗ 0083.

ಡೆಸಿಬೆಲ್‌ದಾಸ:
13.1. ಸ್ಕ್ರೂ ಬಿಗಿಮಾಡಿ, ತಟ್ಟೆಯ ಹಿಂದೆ ಬಣ್ಣದಲ್ಲಿ ಗುರುತು ಹಾಕಿ. ಮಂಗಗಳು ಹತ್ತಿ ಕೂರುವ ಊರು ನಿಮ್ಮದು.