ಖಾಲಿ ಪಿಕಪ್ ತಿರುವಿನಲ್ಲಿ ಜಿಗಿಯುತ್ತದೆ, ಇದು ಮಾಮೂಲಾ?

ತೋಟದವ:
ಸಕಲೇಶಪುರ ಕಡೆಯವನು. ಕಾರು ಕೊಟ್ಟು ಡಬಲ್ ಕ್ಯಾಬ್ ಪಿಕಪ್ ತಗೊಂಡಿದ್ದೇನೆ. ಗೊಬ್ಬರದ ಮೂಟೆ ಇದ್ದಾಗ ಹಾಯಾಗಿ ಹೋಗುತ್ತದೆ. ಖಾಲಿ ಇದ್ದರೆ ಶಿರಾಡಿ ಘಾಟಿಯ ತಿರುವಿನಲ್ಲಿ ಸಣ್ಣ ಗುಂಡಿ ಸಿಕ್ಕರೂ ಹಿಂಭಾಗ ಪಕ್ಕಕ್ಕೆ ಜಿಗಿಯುತ್ತದೆ, ಸ್ಟೀರಿಂಗ್ ಕೂಡ ಕಾರಿಗಿಂತ ಜಾಸ್ತಿ ತಿರುಗಿಸಬೇಕು.

ಡೀಸೆಲ್ ಪ್ರಿಯ:
ಮಾಮೂಲೇ. ಹಿಂದಿನ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ) ಭಾರ ಹೊರಲೆಂದೇ ಗಟ್ಟಿಯಾಗಿ ಮಾಡಿದ್ದು, ಖಾಲಿ ಇದ್ದಾಗ ಬಗ್ಗುವುದೇ ಕಡಿಮೆ. ಹಿಂದಿನ ಎರಡೂ ಚಕ್ರಕ್ಕೆ ಒಂದೇ ಆಕ್ಸಲ್ (ಅಚ್ಚು) ಬೇರೆ, ಒಂದು ಗುಂಡಿಗೆ ಇಳಿದರೆ ಇನ್ನೊಂದಕ್ಕೂ ತಟ್ಟುತ್ತದೆ. ಲೋಡಿಗೆ ಅಂತ ತುಂಬಿಸಿದ ಗಾಳಿ ಹಾಗೇ ಬಿಟ್ಟಿದ್ದೀರಾ? ಖಾಲಿ ಗಾಡಿಗೆ ಎಷ್ಟು ಅಂತ ಬಾಗಿಲ ಹತ್ತಿರದ ಸ್ಟಿಕ್ಕರ್ ಅಥವಾ ಮ್ಯಾನ್ಯುಯಲ್ ನೋಡಿ.

ಘಾಟಿ ಸವಾರ:
ಸ್ಟೀರಿಂಗ್ ವಿಷಯ ಬೇರೆ. ಹೈಡ್ರಾಲಿಕ್ (ಪಂಪಿನ ಎಣ್ಣೆ ಒತ್ತಡದಿಂದ ನಡೆಯುವ) ಪವರ್ ಸ್ಟೀರಿಂಗ್ ಆದರೆ ನಿಧಾನಕ್ಕೆ ತಿರುಗಿಸುವಾಗ ಭಾರ, ಆದರೆ ರಸ್ತೆ ಹೇಗಿದೆ ಅಂತ ಕೈಗೆ ಗೊತ್ತಾಗುತ್ತದೆ. ಅಮೆರಿಕದಲ್ಲಿ ಫೋರ್ಡ್ ಎಫ್-150 ಪಿಕಪ್‌ಗೆ 2011ರ ಮಾಡೆಲಿನಲ್ಲೇ ಮೋಟಾರಿನ ಎಲೆಕ್ಟ್ರಿಕ್ ಸ್ಟೀರಿಂಗ್ ಬಂತು. ಇಂಜಿನ್ ಸದಾ ಪಂಪ್ ತಿರುಗಿಸುತ್ತಾ ಇರಬೇಕಿಲ್ಲ, ಇಂಧನ ಉಳಿಯುತ್ತದೆ, ಲೇನ್ ಅಸಿಸ್ಟ್ (ಗಾಡಿ ಲೇನ್ ಬಿಡದಂತೆ ತಾನೇ ಸ್ಟೀರಿಂಗ್ ಸರಿಪಡಿಸುವುದು) ಕೊಡುವುದೂ ಸುಲಭ. ಆದರೂ ಮೋಟಾರು ಕೊಡುವ ಬಿಗಿ ಟೈರಿನ ಹಿಡಿತ ಅಲ್ವಲ್ಲ, ನನಗೆ ಹೈಡ್ರಾಲಿಕ್ಕೇ ಇಷ್ಟ.

ತೋಟದವ:
ಗಾಳಿ ಲೋಡಿನದ್ದೇ ಇದೆ, ಇವತ್ತೇ ಇಳಿಸುತ್ತೇನೆ. ಹಿಂದೆ ಎರಡು ಮರಳಿನ ಮೂಟೆ ಹಾಕಿದರೆ?

ಡೀಸೆಲ್ ಪ್ರಿಯ:
ಹಾಕಿ, ಆದರೆ ಸರಿಯಾಗಿ ಕಟ್ಟಿ, ಹಿಂದಿನ ಆಕ್ಸಲಿಗಿಂತ ಮುಂದೆ ಇರಲಿ. ಡಾಲಾ (ಹಿಂದಿನ ಲೋಡ್ ತೊಟ್ಟಿ) ತುದಿಗೆ ಇಟ್ಟರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಇನ್ನೂ ಸಡಿಲ ಅನ್ನಿಸುತ್ತದೆ. ಗಾಡಿಯದ್ದು ಪಾರ್ಟ್ ಟೈಮ್ ಫೋರ್ ವೀಲ್ (ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವಂಥದ್ದು) ಆದರೆ ಹಿಡಿತಕ್ಕೆ ಅಂತ ಒಣ ಟಾರ್ ರಸ್ತೆಯಲ್ಲಿ ಅದನ್ನು ಹಾಕಲೇಬೇಡಿ.